ಪಿಕಪ್ಪನ್ನು ಎತ್ತರಿಸುವ ಮುನ್ನ



ಈ ಬಾರಿಯ ವಿಷಯ ಕಂಡು ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾದೀತು. ಮೇಷ್ಟ್ರಿಗೂ ಪಿಕಪ್ ಗಾಡಿಗೂ ಏನು ಸಂಬಂಧ ಎಂದು ನಮ್ಮ ಮನೆಯಲ್ಲೇ ಕೇಳಿಯಾಗಿದೆ. ಆದರೆ ಒಂದು ತಿಂಗಳ ಅವಧಿಯಲ್ಲಿ ನನ್ನ ಮೂವರು ಹಳೆಯ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಮೂವರೂ ಮಲೆನಾಡಿನವರು, ಮೂವರಿಗೂ ಅಡಿಕೆ, ಗೊಬ್ಬರ, ಹಾಲಿನ ಕ್ಯಾನು ಸಾಗಿಸುವುದೇ ಜೀವನ; ಮೂವರಲ್ಲಿರುವುದೂ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ, ಅಂದರೆ ಎರಡು ಚಕ್ರದ ಡ್ರೈವ್ ಇರುವ ಪಿಕಪ್. "ಸರ್, ಕಡಿಮೆ ಖರ್ಚಿನಲ್ಲಿ ಗಾಡಿಯನ್ನು ಮೂರು ಇಂಚು ಎತ್ತರಿಸಬಹುದಂತೆ, ಮಾಡಿಸಲೇ?" ಎಂಬುದು ಪ್ರಶ್ನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆದಿಡುವುದು ಲೇಸೆಂದು ತೋರಿತು. ಮೂವತ್ತು ವರ್ಷ ಹತ್ತನೆಯ ತರಗತಿಗೆ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಸ್ಪ್ರಿಂಗು, ಸನ್ನೆ, ಗುರುತ್ವ ಕೇಂದ್ರಗಳ ಬಗ್ಗೆ ಮಾತಾಡುವ ಹಕ್ಕು ಸ್ವಲ್ಪವಾದರೂ ಉಂಟೆಂದು ಭಾವಿಸುತ್ತೇನೆ. ಉಳಿದದ್ದನ್ನು ನಮ್ಮೂರಿನ ಕಮಾನು ಪಟ್ಟಿ ಕೆಲಸದವರ ಅಂಗಡಿಯ ಬೆಂಚಿನ ಮೇಲೆ ಕುಳಿತು ಕಲಿತದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹತ್ತು ಪಿಕಪ್‌ಗಳಲ್ಲಿ ಎಂಟಕ್ಕೆ ಎತ್ತರಿಸುವ ಅಗತ್ಯವಿಲ್ಲ. ಕುಸಿದುಹೋದ ಎತ್ತರವನ್ನು ಮರಳಿ ಪಡೆದರೆ ಸಾಕು. ಇನ್ನು ಬ್ಲಾಕು ಇಟ್ಟು ಮೂರು ಇಂಚು ಏರಿಸುವ ವಿದ್ಯೆಯು ನೋಟಕ್ಕೆ ಚೆನ್ನ, ಕೆಲಸಕ್ಕೆ ಅಷ್ಟಕ್ಕಷ್ಟೆ.

ಪ್ರಶ್ನೆ ಕೇಳಿದವರಲ್ಲಿ ಒಬ್ಬನನ್ನು (ಹೆಸರು ಬೇಡ, ಅವನ ತರಗತಿಯವರಿಗೆ ಗೊತ್ತಾಗಿಯೇ ಆಗುತ್ತದೆ) ನಾನು ತಿರುಗಿ ಕೇಳಿದೆ: "ಏನು ತಗಲುತ್ತದೆ ಮಾರಾಯ, ಅದನ್ನು ಮೊದಲು ಹೇಳು." ಮಣ್ಣುದಾರಿಯಲ್ಲಿ ಚಕ್ರದ ಜಾಡುಗಳು ಆಳವಾಗಿ, ನಡುವೆ ಉಳಿದ ದಿಬ್ಬಕ್ಕೆ ಹಿಂದಿನ ಆಕ್ಸಲ್ಲಿನ ಹೌಸಿಂಗು, ಎಂದರೆ ಡಿಫರೆನ್ಷಿಯಲ್ ಅಡಗಿರುವ ಆ ಗುಂಡು ಭಾಗ, ಉಜ್ಜುತ್ತದೆ ಎಂದ. ಇಲ್ಲಿಯೇ ಇರುವುದು ಸ್ವಾರಸ್ಯ. ನಮ್ಮ ಪಿಕಪ್‌ಗಳ ಹಿಂದಿನ ಆಕ್ಸಲ್ ಒಂದೇ ಗಟ್ಟಿ ದಿಂಡು. ಅದರ ಎರಡು ತುದಿಗೆ ಚಕ್ರ, ನಡುವೆ ಗುಂಡು. ಕಮಾನು ಪಟ್ಟಿಗಳಿರುವುದು ಈ ದಿಂಡಿನ ಮತ್ತು ಚಾಸಿಯ ನಡುವೆ. ಹಾಗಾದರೆ ಪಟ್ಟಿಗೆ ಬ್ಲಾಕು ಇಟ್ಟು ಮೂರು ಇಂಚು ಏರಿಸಿದರೆ ಏರುವುದು ಚಾಸಿ, ಕ್ಯಾಬಿನ್ನು, ಹಿಂದಿನ ತೊಟ್ಟಿ. ಆ ಗುಂಡು ಇದ್ದಲ್ಲೇ ಇರುತ್ತದೆ, ಕೂದಲೆಳೆಯಷ್ಟೂ ಮೇಲೇಳುವುದಿಲ್ಲ! ಅದನ್ನು ನೆಲದಿಂದ ಎತ್ತಬಲ್ಲದ್ದು ಒಂದೇ, ಟೈರು. ಅವನ ಸಂಕಟಕ್ಕೂ ಅವನಿಗೆ ಸೂಚಿಸಿದ ಮದ್ದಿಗೂ ಸಂಬಂಧವೇ ಇರಲಿಲ್ಲ. ಹದಿನೆಂಟು ಸಾವಿರ ರೂಪಾಯಿಯ ಲೆಕ್ಕ ಕೊಟ್ಟಿದ್ದ ವರ್ಕ್‌ಶಾಪಿನವರು ಈ ಮಾತನ್ನು ಅವನಿಗೆ ಹೇಳಿರಲಿಲ್ಲ.

ಟೈರಿನ ಲೆಕ್ಕ ಬಹಳ ಸರಳ. 215/75 ಆರ್ 15 ಎಂಬ ಟೈರಿನ ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರು (15 ಇಂಚಿನ ರಿಮ್ಮಿಗೆ 381, ಅದರ ಮೇಲೆ ಮತ್ತು ಕೆಳಗೆ 215ರ ಶೇಕಡಾ 75ರಂತೆ 161, 161). ಅದರ ಬದಲಿಗೆ 235/75 ಹಾಕಿದರೆ ವ್ಯಾಸ 733. ವ್ಯಾಸ 30 ಮಿಲಿಮೀಟರು ಹೆಚ್ಚಿದರೂ ಆಕ್ಸಲ್ ಏರುವುದು ಅದರ ಅರ್ಧ, 15 ಮಿಲಿಮೀಟರು ಮಾತ್ರ. ಅರ್ಧ ಇಂಚಿಗಿಂತ ತುಸು ಹೆಚ್ಚು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಸ್ಪೀಡೋಮೀಟರು ಶೇಕಡಾ 4ರಷ್ಟು ಕಡಿಮೆ ತೋರಿಸುತ್ತದೆ; ಘಾಟಿ ಏರುವಾಗ ಎಂಜಿನ್ನಿಗೆ ಅಷ್ಟೇ ಭಾರ ಹೆಚ್ಚು; ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗುವುದೂ ಉಂಟು. ತಯಾರಕರು ಆ ಮಾದರಿಗೆ ಒಪ್ಪಿದ ಅಳತೆಗಳ ಪಟ್ಟಿಯೊಳಗೇ ಇರಬೇಕು ಎಂಬುದು ಬೇರೆ. ಆದರೂ ಹೌಸಿಂಗು ಉಜ್ಜುವವನಿಗೆ ಉಪಯೋಗಕ್ಕೆ ಬರುವ ಅರ್ಧ ಇಂಚು ಇದು. ಸವೆದ ಟೈರು ಬದಲಿಸುವ ಕಾಲ ಬಂದಾಗಲೇ ಈ ಯೋಚನೆ ಮಾಡಿದರೆ ಹೆಚ್ಚಿನ ಖರ್ಚೂ ಇಲ್ಲ.

ಈಗ ಕುಸಿತದ ವಿಷಯ. ರಾಬರ್ಟ್ ಹುಕ್ ತನ್ನ ಸ್ಪ್ರಿಂಗಿನ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಪ್ರಕಟಿಸಿ, ಎರಡು ವರ್ಷದ ಬಳಿಕ 1678ರಲ್ಲಿ ಬಿಡಿಸಿ ಹೇಳಿದ ಕತೆಯನ್ನು ನಿಮ್ಮಲ್ಲಿ ಅನೇಕರು ನನ್ನ ಬಾಯಲ್ಲಿ ಕೇಳಿದ್ದೀರಿ. ಹೊರೆ ಎರಡರಷ್ಟಾದರೆ ಬಾಗುವಿಕೆಯೂ ಎರಡರಷ್ಟು. ಹೊರೆ ತೆಗೆದರೆ ಮೊದಲಿನ ಸ್ಥಿತಿ. ಆದರೆ ಅದು ಸ್ಥಿತಿಸ್ಥಾಪಕತೆಯ ಮಿತಿಯೊಳಗೆ ಮಾತ್ರ ಎಂದು ಕಪ್ಪುಹಲಗೆಯ ಮೇಲೆ ಅಡಿಗೆರೆ ಎಳೆಯುತ್ತಿದ್ದೆನಲ್ಲ, ಆ ಅಡಿಗೆರೆಯನ್ನು ದಿನವೂ ದಾಟುವುದು ನಮ್ಮ ಪಿಕಪ್ಪುಗಳು. ಒಂದೂಕಾಲು ಟನ್ನಿಗೆ ಮಾಡಿದ ಗಾಡಿಗೆ ಎರಡು ಟನ್ ಜಲ್ಲಿ ಹೇರಿ ಹತ್ತು ವರ್ಷ ಓಡಿಸಿದರೆ ಪಟ್ಟಿಗಳು ತಮ್ಮ ಬಾಗನ್ನು ಮರೆತು ನೇರವಾಗುತ್ತವೆ. ಕುಸಿತವು ದಿನಕ್ಕೆ ಕೂದಲೆಳೆಯಷ್ಟು ಆಗುವುದರಿಂದ ಒಡೆಯನ ಕಣ್ಣಿಗೆ ಬೀಳುವುದಿಲ್ಲ.

ಅದನ್ನು ಅಳೆಯಲು ಒಂದು ಟೇಪು ಸಾಕು. ಗಾಡಿಯನ್ನು ಖಾಲಿ ಮಾಡಿ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಹಿಂದಿನ ಆಕ್ಸಲ್ ಕೊಳವೆಯ ಮೇಲ್ಭಾಗದಿಂದ ಚಾಸಿಯ ಕೆಳ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆಯಿರಿ. ಅದೇ ಮಾದರಿಯ ಹೊಸ ಗಾಡಿ ಯಾರಲ್ಲಿದೆಯೋ ಅಲ್ಲಿಯೂ ಅಳೆಯಿರಿ. ವ್ಯತ್ಯಾಸವೇ ನಿಮ್ಮ ಕುಸಿತ. ಮೇಲೆ ಹೇಳಿದ ವಿದ್ಯಾರ್ಥಿ ಅಳೆದು ನೋಡಿದಾಗ ಬಲಗಡೆ ಎರಡೂವರೆ, ಎಡಗಡೆ ನಾಲ್ಕು ಸೆಂಟಿಮೀಟರು ಇಳಿದಿತ್ತು. ಎಡಗಡೆಯ ಒಂದು ಪಟ್ಟಿ ಸೆಂಟರ್ ಬೋಲ್ಟಿನ ಬಳಿ ಬಿರುಕು ಬಿಟ್ಟಿತ್ತು! ಅದರ ಮೇಲೆಯೇ ಬ್ಲಾಕು ಇಟ್ಟಿದ್ದರೆ ಏನಾಗುತ್ತಿತ್ತೆಂದು ಅವನೇ ಫೋನಿನಲ್ಲಿ ಕೇಳಿದ.

ಇದಕ್ಕೆ ಪರಿಹಾರ ಹಳೆಯದೇ. ಪಟ್ಟಿಗಳ ಕಟ್ಟು ಬಿಚ್ಚಿಸಿ, ಮುರಿದವನ್ನು ಬದಲಿಸಿ, ಉಳಿದವಕ್ಕೆ ಕಮಾನು ಏರಿಸಿ, ಸವೆದ ಬುಷ್ಷುಗಳನ್ನೂ ಶ್ಯಾಕಲ್ ಪಿನ್ನುಗಳನ್ನೂ ಹೊಸದಾಗಿ ಹಾಕಿಸುವುದು. ಒಂದು ಎಚ್ಚರಿಕೆ: ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ, ಹಾಗೆಯೇ ಗಾಳಿಗೆ ಆರಲು ಬಿಟ್ಟರೆ ಅದರ ಹದ ಹೋಗುತ್ತದೆ. ಮೂರು ತಿಂಗಳಲ್ಲಿ ಮತ್ತೆ ಕುಸಿಯುವುದು ಅಂಥವೇ. ಕಾಯಿಸಿದರೆ ಎಣ್ಣೆಯಲ್ಲಿ ಅದ್ದಿ ಗಟ್ಟಿಗೊಳಿಸಿ, ಮತ್ತೆ ಮಿತವಾಗಿ ಕಾಯಿಸಿ ಹದ ಕೂರಿಸಬೇಕು. ಇಲ್ಲವೇ ತಣ್ಣಗಿರುವಾಗಲೇ ಒತ್ತಿ ಬಾಗಿಸಬೇಕು. ಅನುಭವಸ್ಥರ ಬಳಿಗೆ ಹೋಗಿ ಎನ್ನುವುದು ಇದಕ್ಕೇ. ತೀರಾ ಸೋತ ಪಟ್ಟಿಗಳಾದರೆ ಹೊಸ ಸೆಟ್ಟು ತರುವುದೇ ಮೇಲು. ಈ ಕೆಲಸದಿಂದ ಎರಡು ಮೂರು ಸೆಂಟಿಮೀಟರು ಮರಳಿ ಬರುತ್ತದೆ, ಗಾಡಿ ತಯಾರಕರು ಉದ್ದೇಶಿಸಿದ ಭಂಗಿಗೆ ಹಿಂದಿರುಗುತ್ತದೆ, ಕಾನೂನಿನ ತಕರಾರೂ ಇಲ್ಲ. ಕಡಿಮೆ ಖರ್ಚಿನ ದಾರಿ ಎಂದು ನಾನು ಎದೆ ತಟ್ಟಿ ಹೇಳುವುದು ಇದೊಂದನ್ನೇ.

ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು ಎರಡನೆಯ ದಾರಿ. ಎತ್ತರ ಬರುತ್ತದೆ, ಜೊತೆಗೆ ಬಿಗಿಯೂ ಬರುತ್ತದೆ. ಖಾಲಿ ಗಾಡಿ ಕುದುರೆಯಂತೆ ಹಿಂಗಾಲು ಎಸೆಯುತ್ತದೆ. ಹಾಲಿನ ಕ್ಯಾನಿನವನಿಗೆ ಇದು ಬೇಡವೇ ಬೇಡ. ಪಟ್ಟಿ ಹೆಚ್ಚಾಯಿತೆಂದು ಹೊರೆ ಹೆಚ್ಚು ಹೇರಬಹುದೆಂಬ ನಂಬಿಕೆಯೂ ತಪ್ಪು. ಬ್ರೇಕು, ಬೇರಿಂಗು, ಚಾಸಿ, ಟೈರು ಇವು ಯಾವುವೂ ಪಟ್ಟಿ ಸೇರಿಸಿದ್ದರಿಂದ ಬಲಿಯುವುದಿಲ್ಲ.

ಮೂರನೆಯದು ಬ್ಲಾಕು. ಪಟ್ಟಿಯ ಮತ್ತು ಆಕ್ಸಲ್ಲಿನ ನಡುವೆ ಕಬ್ಬಿಣದ ತುಂಡನ್ನಿಟ್ಟು ಉದ್ದನೆಯ ಯು ಬೋಲ್ಟುಗಳಿಂದ ಬಿಗಿಯುವುದು. ಅಗ್ಗ ಹೌದು, ಅರ್ಧ ದಿನದ ಕೆಲಸ ಹೌದು. ಆದರೆ ಸನ್ನೆಯ ತತ್ತ್ವವನ್ನು ನೆನಪಿಸಿಕೊಳ್ಳಿ: ಎಂಜಿನ್ನು ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸುವಾಗ ಆಕ್ಸಲ್ ದಿಂಡು ತಾನು ವಿರುದ್ಧ ದಿಕ್ಕಿಗೆ ತಿರುಗಲು ಹೆಣಗುತ್ತದೆ. ಅದನ್ನು ತಡೆದಿರುವುದು ಪಟ್ಟಿ. ನಡುವೆ ಮೂರು ಇಂಚಿನ ಬ್ಲಾಕು ಬಂದರೆ ಸನ್ನೆಯ ತೋಳು ಉದ್ದವಾಯಿತು. ಏರಿನಲ್ಲಿ ಕ್ಲಚ್ಚು ಬಿಟ್ಟಾಗ ಪಟ್ಟಿ ಹಾವಿನಂತೆ ತಿರುಚಿಕೊಳ್ಳುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಬ್ಲಾಕಿನ ಮೇಲೆ ಬ್ಲಾಕು ಪೇರಿಸುವುದು, ಮರದ ತುಂಡು ಇಡುವುದು, ಮುಂದಿನ ಆಕ್ಸಲ್ಲಿಗೆ ಬ್ಲಾಕು ಹಾಕುವುದು, ಈ ಮೂರನ್ನೂ ಯಾರು ಹೇಳಿದರೂ ಕೇಳಬೇಡಿ. (ಮರದ ತುಂಡು ಎಂದಾಗ ನಗಬೇಡಿ. ನಾನು ಕಣ್ಣಾರೆ ಕಂಡಿದ್ದೇನೆ.) ಬಿಗಿದ ಮೇಲೆ ನೂರಿನ್ನೂರು ಕಿಲೋಮೀಟರು ಓಡಿಸಿ ಯು ಬೋಲ್ಟಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.

ಯಾರೂ ಯೋಚಿಸದ ಇನ್ನೊಂದಿದೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗಿರುತ್ತದೆ. ಹೊರೆಯನ್ನು ಅರಿತು ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವಿನ ಸರಳು ಅದು. ಹೊರೆ ಹೇರಿದಾಗ ಚಾಸಿ ಆಕ್ಸಲ್ಲಿನ ಹತ್ತಿರಕ್ಕೆ ಇಳಿಯುತ್ತದೆ, ವಾಲ್ವು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಖಾಲಿಯಿದ್ದಾಗ ಚಾಸಿ ದೂರ, ಒತ್ತಡ ಕಡಿಮೆ. ಇಲ್ಲವಾದರೆ ಹಗುರಾದ ಹಿಂಚಕ್ರ ಹಿಡಿದುಕೊಂಡು ಜಾರುತ್ತದೆ. ಬ್ಲಾಕು ಹಾಕಿ ಮೂರು ಇಂಚು ಏರಿಸಿ, ಈ ಸರಳನ್ನು ಸರಿಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ಅದು ಖಾಲಿಯೆಂದೇ ತಿಳಿಯುತ್ತದೆ. ಆಗುಂಬೆ ಘಾಟಿಯನ್ನು ಹೊರೆ ಸಮೇತ ಇಳಿಯುವಾಗ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುವ ಗಾಡಿಯನ್ನು ಊಹಿಸಿಕೊಳ್ಳಿ. ಬ್ರೇಕಿನ ರಬ್ಬರು ಕೊಳವೆಯೂ ಷಾಕ್ ಅಬ್ಸಾರ್ಬರುಗಳೂ ಹೊಸ ಎತ್ತರಕ್ಕೆ ಸಾಲುವಷ್ಟು ಉದ್ದವಿರಬೇಕು. ಹೆಡ್‌ಲೈಟನ್ನು ಮತ್ತೆ ತಗ್ಗಿಸಿ ಹೊಂದಿಸಬೇಕು.

ಮುಂಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಚಕ್ರದ ಡ್ರೈವಿನ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ದಂಡವಿಲ್ಲದಿರುವುದರಿಂದ ಕೆಲಸ ಸುಲಭ. ಕಾಯಿಲ್ ಸ್ಪ್ರಿಂಗು ಇದ್ದರೆ ಅದರ ಮೇಲೆ ಸ್ಪೇಸರು ಇಡುತ್ತಾರೆ. ಟಾರ್ಷನ್ ಬಾರು ಇದ್ದರೆ ಅದರ ಬೋಲ್ಟನ್ನು ಕೆಲವು ಸುತ್ತು ಬಿಗಿಯುತ್ತಾರೆ, ಕಾಸಿನ ಖರ್ಚಿಲ್ಲ. ಟೆಕ್ಸಾಸಿನಲ್ಲಿರುವ ನಮ್ಮ ಅಣ್ಣನ ಮಗ ಹೇಳುವಂತೆ ಅಲ್ಲಿ ಚಕ್ರದ ಗುಂಬವನ್ನು ಹಿಡಿಯುವ ಸ್ಪಿಂಡಲ್ಲನ್ನೇ ಬದಲಿಸುತ್ತಾರೆ. ತೋಳುಗಳ ಕೋನ ಕೆಡದೆ ಎತ್ತರ ಬರುವ ಈ ವಿಧಾನವು ಮುಖ್ಯವಾಗಿ ಎರಡು ಚಕ್ರದ ಡ್ರೈವಿನವರ ಭಾಗ್ಯ. (ಅಲ್ಲಿನ ಹುಡುಗರು ಮುಂಭಾಗವನ್ನು ಎತ್ತಿ ಹಿಂಭಾಗವನ್ನು ಕುಕ್ಕರಿಸಿ ಮೆರೆಯುವ ಹುಚ್ಚು ಎಷ್ಟಾಯಿತೆಂದರೆ, ಉತ್ತರ ಕೆರೊಲೈನಾ ರಾಜ್ಯ 2021ರ ಡಿಸೆಂಬರಿನಿಂದ ಅದಕ್ಕೆ ಕಾನೂನಿನ ತಡೆ ಹಾಕಬೇಕಾಯಿತು. ಮುಂದಿನ ರಸ್ತೆಯೇ ಕಾಣದಂತೆ ಓಡಿಸುವುದು ಯಾವ ಸುಖವೋ!) ಯಾವ ವಿಧಾನವಾದರೂ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಮಗ್ಗುಲಿಗೆ ತಿನ್ನುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಸರಿನಲ್ಲಿ ಗಾಡಿ ಹೂತರೆ? ಹೂತೇ ಹೂಳುತ್ತದೆ. ನಮ್ಮವರು ಎತ್ತರವನ್ನೂ ಹಿಡಿತವನ್ನೂ ಒಂದೇ ಎಂದು ಭಾವಿಸುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ಲು ಎರಡೂ ಚಕ್ರಗಳಿಗೆ ಸಮಾನ ತಿರುಚುಬಲವನ್ನು ಮಾತ್ರ ಕೊಡಬಲ್ಲದು. ಒಂದು ಚಕ್ರ ಕೆಸರಿನಲ್ಲಿ ತಡೆಯಿಲ್ಲದೆ ಗಿರಕಿ ಹೊಡೆದರೆ ಗಟ್ಟಿನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಸಿಗುವುದು ಅಷ್ಟೇ ಅತ್ಯಲ್ಪ ಬಲ. ಹೆಸರಿಗೆ ಎರಡು ಚಕ್ರದ ಡ್ರೈವಾದರೂ ಕೆಸರಿನಲ್ಲಿ ಅದು ಒಂದೇ ಚಕ್ರದ ಡ್ರೈವು. ಅದರಲ್ಲೂ ಖಾಲಿ ಪಿಕಪ್ಪಿನ ಭಾರವೆಲ್ಲ ಮುಂದೆ, ತಳ್ಳುವ ಚಕ್ರಗಳು ಹಿಂದೆ. ಆಕ್ಸಲ್ಲಿನ ನೇರಕ್ಕೆ ನಾಲ್ಕು ಮರಳುಚೀಲ ಕಟ್ಟಿಡುವುದು, ಆಳವಾದ ಕಚ್ಚಿನ ಟೈರು, ಹಿಂಚಕ್ರಗಳಿಗೆ ಒಂದು ಜೊತೆ ಸರಪಳಿ, ಕೆಸರಿಗೆ ಇಳಿಯುವ ಮುನ್ನ ಗಾಳಿ ತುಸು ಇಳಿಸಿ ಡಾಂಬರು ಸಿಕ್ಕಿದೊಡನೆ ಮತ್ತೆ ತುಂಬುವುದು: ಇವು ಮೂರು ಇಂಚಿನ ಬ್ಲಾಕಿಗಿಂತ ಎಷ್ಟೋ ಮಿಗಿಲು.

ಇನ್ನು ನನ್ನನ್ನು ನಿಜವಾಗಿ ಬರೆಯಲು ಕೂರಿಸಿದ ಸಂಗತಿ. ಮೂವರಲ್ಲಿ ಇಬ್ಬರು ತೋಟದ ಕೆಲಸಕ್ಕೆ ಹೆಂಗಸರನ್ನು ಹಿಂದಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಕರೆದೊಯ್ಯುತ್ತಾರೆ. ಎತ್ತರಿಸಿದರೆ ಗಾಡಿ ಮಗುಚುವ ಭಯ ಹೆಚ್ಚೇ ಎಂದು ಒಬ್ಬ ಕೇಳಿದ. ಲೆಕ್ಕ ಹಾಕಿದೆ. ಚಕ್ರಗಳ ನಡುವಣ ಅಗಲ 1.4 ಮೀಟರು ಎನ್ನೋಣ, ಅರ್ಧ 70 ಸೆಂಟಿಮೀಟರು. ಖಾಲಿ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 75 ಸೆಂಟಿಮೀಟರಿನಲ್ಲಿದ್ದರೆ, 20 ಮೀಟರು ತ್ರಿಜ್ಯದ ತಿರುವಿನಲ್ಲಿ ಅದು ಮಗುಚಬೇಕಾದರೆ ಗಂಟೆಗೆ 48 ಕಿಲೋಮೀಟರಿಗಿಂತ ತುಸು ಹೆಚ್ಚು ವೇಗ ಬೇಕು. ಅದಕ್ಕೆ ಮೊದಲೇ ಟೈರು ಜಾರಿ ಎಚ್ಚರಿಸುತ್ತದೆ. ಜನ ನಿಂತು ಕೇಂದ್ರ 110 ಸೆಂಟಿಮೀಟರಿಗೆ ಏರಿತೆನ್ನಿ, 40 ಕಿಲೋಮೀಟರಿಗೇ ಮಗುಚುತ್ತದೆ, ಒಣ ಡಾಂಬರಿನ ಮೇಲೆ ಜಾರಿ ಎಚ್ಚರಿಸುವುದೂ ಇಲ್ಲ. ಅದರ ಮೇಲೆ ಮೂರು ಇಂಚು ಎತ್ತರಿಸಿದರೆ 39ಕ್ಕೆ. ಗಾಡಿಯನ್ನು ಅಲುಗದ ಪೆಟ್ಟಿಗೆಯೆಂದು ಭಾವಿಸಿದ ಲೆಕ್ಕ ಇದು. ಸ್ಪ್ರಿಂಗುಗಳು ವಾಲಿ, ಜನರೆಲ್ಲ ಒಂದೇ ಬದಿಗೆ ಒರಗಿದಾಗ ವಾಸ್ತವದ ಅಂಕಿಗಳು ಇನ್ನೂ ಕೆಳಗಿರುತ್ತವೆ. ಲೆಕ್ಕ ಹೇಳುವುದನ್ನು ಮುಚ್ಚಿಡಲಾರೆ: ಬ್ಲಾಕು ಕಸಿಯುವುದು ಒಂದು ಕಿಲೋಮೀಟರು, ನಿಂತ ಜನ ಕಸಿಯುವುದು ಎಂಟು. ಎತ್ತರದ ಬಗ್ಗೆ ಕೇಳಿದವನಿಗೆ ನಾನು ಕೊಟ್ಟ ಉತ್ತರ ಜನರ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದಲ್ಲೇ ಅಂಥದೊಂದು ಗಾಡಿ ಮಗುಚಿ, ನನ್ನಲ್ಲಿ ಎಂಟನೆಯ ತರಗತಿ ಓದುತ್ತಿದ್ದ ಹುಡುಗಿಯ ತಾಯಿ ತೀರಿಕೊಂಡರು. ಮುಂದಿನ ವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ. ಅಮ್ಮ ಹೋಗುತ್ತಿದ್ದ ತೋಟಕ್ಕೇ ಹೋಗತೊಡಗಿದಳು, ಅಂಥದೇ ಇನ್ನೊಂದು ಗಾಡಿಯಲ್ಲಿ. ಸರಕು ಗಾಡಿಯಲ್ಲಿ ಹೀಗೆ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರ ಆಶಾ ರಾಣಿ ಪ್ರಕರಣದಲ್ಲೇ ಹೇಳಿದೆ. ಹೊಣೆ ಒಡೆಯನ ತಲೆಗೆ. ಒಡೆಯನಲ್ಲಿ ಇರುವುದು ಸಾಲದ ಗಾಡಿಯೊಂದೇ. ಹೀಗಾಗಿ ಸತ್ತವರ ಮನೆಗೂ ಏನೂ ಬಾರದು, ಓಡಿಸಿದವನೂ ಉಳಿಯಲಾರ. ಕೂಲಿಯವರನ್ನು ಕರೆತರಲು ಬೇರೆ ಗಾಡಿ ಗೊತ್ತು ಮಾಡುವ ಖರ್ಚು ತೋಟದ ಮಾಲೀಕರದು. ಪಿಕಪ್ಪಿನವನು ಅದನ್ನು ಬಾಯಿಬಿಟ್ಟು ಕೇಳಬೇಕು. ಮಾಲೀಕರಲ್ಲೂ ನನ್ನ ವಿದ್ಯಾರ್ಥಿಗಳಿದ್ದಾರೆ, ಅವರೂ ಇದನ್ನು ಓದುತ್ತಾರೆಂದು ಬಲ್ಲೆ.

ಕಾನೂನಿನ ಮಾತು ಬಂದದ್ದರಿಂದ ಅದನ್ನೂ ಮುಗಿಸುತ್ತೇನೆ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಅಕ್ರಮ ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ಹಳೆಯ ಪಟ್ಟಿಯನ್ನು ಮೊದಲಿನ ಸ್ಥಿತಿಗೆ ತರುವುದು ದುರಸ್ತಿ, ಮಾರ್ಪಾಟಲ್ಲ.

ಕೊನೆಗೆ ರಸ್ತೆ. ಗಾಡಿ ಎತ್ತರಿಸುವ ಆಸೆ ಹುಟ್ಟುವುದೇ ರಸ್ತೆ ಕೆಟ್ಟಿರುವುದರಿಂದ. ಡಾಂಬರಿದ್ದಲ್ಲಿಯೂ ಹಂಪುಗಳಿವೆ: ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲದ ಮೆಲುವಾದ ಉಬ್ಬಾಗಿರಬೇಕು. ನಮ್ಮಲ್ಲಿರುವುದು ಗದ್ದೆಯ ಬದುವಿನಂಥ ಗೋಡೆ. ನಮ್ಮ ವಿದ್ಯಾರ್ಥಿಯ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಜಾಡು ಆಳವಾಗುವುದು ಅದರ ಎರಡೂ ದಡದ ಸುಮಾರು ಮೂವತ್ತು ಮೀಟರಿನಲ್ಲಿ ಮಾತ್ರ. ಆ ದಾರಿಯಲ್ಲಿ ಆರು ಪಿಕಪ್‌ಗಳಿವೆ. ಆರು ಜನ ಹದಿನೆಂಟು ಸಾವಿರದಂತೆ ಬ್ಲಾಕಿಗೆ ಸುರಿದರೆ ಒಂದು ಲಕ್ಷದ ಎಂಟು ಸಾವಿರ. ಅದೇ ಹಣದಲ್ಲಿ ಹ್ಯೂಮ್ ಪೈಪು ಹೂಳಿ, ಎರಡು ದಡಕ್ಕೂ ಜಲ್ಲಿ ಹಾಸಿ, ಪಕ್ಕಕ್ಕೆ ಚರಂಡಿ ತೋಡಲು ಆರಂಭವನ್ನಾದರೂ ಮಾಡಬಹುದು. ಜೀಪಿಗೂ ಆಟೋಗೂ ಶಾಲೆಯ ಮಕ್ಕಳಿಗೂ ಅದೇ ದಾರಿ. ಪಂಚಾಯಿತಿ ಮಾಡಬೇಕಾದ ಕೆಲಸವಲ್ಲವೇ ಎಂದರೆ ಹೌದು, ಅರ್ಜಿಯೂ ಹೋಗಿದೆ. ಮಳೆಗಾಲ ಮಾತ್ರ ಅರ್ಜಿಗೆ ಕಾಯುವುದಿಲ್ಲ.

ಕಳೆದ ಭಾನುವಾರ ಆರರಲ್ಲಿ ನಾಲ್ವರು ನಮ್ಮ ಜಗಲಿಗೆ ಬಂದಿದ್ದರು. ಪಟ್ಟಿ ಕೆಲಸ ಮಾಡಿಸಿದ ಮೇಲೆ ಉಳಿದ ಹಣದಲ್ಲಿ ತಲಾ ಹತ್ತು ಸಾವಿರ ಹಾಕಲು ಮೂವರು ಒಪ್ಪಿದ್ದಾರೆ, ಒಬ್ಬ ಹೆಂಡತಿಯನ್ನು ಕೇಳಿ ಹೇಳುತ್ತೇನೆಂದಿದ್ದಾನೆ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರುಗಳಾಗಿರುವ ನನ್ನ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಬೇಕು. ಹಳ್ಳದ ಅಗಲ ಸುಮಾರು ಎರಡು ಮೀಟರು, ಶ್ರಾವಣದಲ್ಲಿ ನೀರು ಮೊಳಕಾಲು ಮೀರಿ ಸೊಂಟದವರೆಗೆ ಬರುತ್ತದೆ. 600 ಮಿಲಿಮೀಟರಿನ ಪೈಪು ಎರಡು ಸಾಲು ಸಾಕೇ, 900ರದೇ ಬೇಕೇ? ಇಲ್ಲಿಯೇ ಕೆಳಗೆ ಬರೆಯಿರಿ, ಇಲ್ಲವೇ ಸಂಜೆ ಆರರ ಮೇಲೆ ಮನೆಗೆ ಫೋನು ಮಾಡಿ.